ಹಿಡಿದವರ ಪಟ್ಟಿಯಾಗ ಒಂದು ಹೆಸರು

ಹೋದ ತಿಂಗಳು ಏಳು ದಿನ ನಾ ಒಂದ ಕೆಲಸ ಮಾಡಿದೆ. ಪೊಲೀಸರು ಹಿಡಿದವರ ಹೆಸರು ಓದಿದೆ.

ಒಂದು ಹೆಸರು ಸಿಗಲಿ ಅಂತ ಓದಿದೆ. ಸಿಗಬಾರದು ಅಂತ ಅಲ್ಲ. ಸಿಗಲಿ, ಇದರಾಗರ ಸಿಗಲಿ ಅಂತ.

ನಗಬ್ಯಾಡ್ರಿ. ನಿಮ್ಮ ಗ್ವಾಡಿ ಆಚೀಕ ಒಬ್ಬ ಹೆಂಗಸು ಎರಡು ತಿಂಗಳಿಂದ ಗಂಡನ ದಾರಿ ನೋಡ್ಕೊಂತ ಕುಂತಿದ್ದರ ನೀವೂ ಹಂಗ ಬೇಡ್ಕೊಂತಿದ್ರಿ. ಗಂಡಸು ಕಳದು ಹೋದ ಅಂದ್ರ ಮೂರ ಜಾಗದಾಗ ಇರತಾನ. ಮಣ್ಣಾಗ, ಇನ್ನೊಬ್ಬಾಕಿ ಮನ್ಯಾಗ, ಇಲ್ಲಾ ಜೈಲಿನ್ಯಾಗ. ಮೂರರಾಗ ಯಾವುದು ಚಲೋ, ನೀವ ಹೇಳ್ರಿ.

ನನ್ನ ಬಾಜೂ ಖೋಲಿ ಯಲ್ಲವ್ವ ಹೇಳಿದ್ದು ಇಷ್ಟು. "ಜೈಲಿನ್ಯಾಗ ಇರಲಿ ಆಯಿ. ಅಲ್ಲಿ ಊಟಾನರ ಹಾಕ್ತಾರ."

ನಾವಿರೋದು ನಾಶಿಕದ ಅಂಬಡ್‌ದಾಗ, ಕಾರ್ಖಾನಿಗಳ ಹಿಂದಿನ ಖೋಲಿ ಸಾಲಿನ್ಯಾಗ. ಯಲ್ಲವ್ವ ಇಂಡಿ ಕಡೆಯಾಕಿ. ಗಂಡ ಟೈಲ್ಸ್ ಹಾಕೋ ಮೇಸ್ತ್ರಿ. ಓಣಿ ಎಲ್ಲಾ ಅವನಿಗೆ ಪಾಪು ಮೇಸ್ತ್ರಿ ಅಂತದ. ಸಂಭಾಜಿನಗರದ ಕಡೆ ಲಾಡ್ಜಿನ ಕೆಲಸ ಐತಿ ಅಂತ ಯಾರೋ ಫೋನ್ ಮಾಡಿದ್ರು, ಕಟರ್ ಮಷೀನು ಹೆಗಲಿಗೆ ಹಾಕ್ಕೊಂಡು ಹೋದ. ಎಂಟು ದಿನ ಫೋನ್ ಬಂತು. ಒಂಬತ್ತನೇ ದಿನ ಬರಲಿಲ್ಲ. ಆಮ್ಯಾಲೆ ಸ್ವಿಚ್ ಆಫ್.

ಹೋಗ್ಲಿ, ಬರತಾನ ಅಂತ ಕುಂತ್ರ ಅದೂ ಆಗೋಹಂಗ ಇರಲಿಲ್ಲ. ಯಲ್ಲವ್ವನ ಅಣ್ಣ ಊರಿಂದ ಖಡಾಖಂಡಿತ ಹೇಳಿಬಿಟ್ಟಿದ್ದ. ಅಮಾಸಿ ಮುಗಿದ ಮರುದಿನ ಬರ್ತೀನಿ, ಎರಡೂ ಹುಡುಗೀರನ್ನ ಕರಕೊಂಡು ನಡಿ, ಖೋಲಿ ಖಾಲಿ ಮಾಡು ಅಂತ. ಅಣ್ಣಂದೂ ತಪ್ಪಿಲ್ಲ. ಆದ್ರ ಅಕಿ ಹೋದ ಮ್ಯಾಲೆ ಇಂವ ಬಂದು ಬಾಗಿಲ ಬಡದ್ರ? ಒಳಗಿಂದ ಇನ್ಯಾರೋ ಬಿಹಾರದವರು ಬಂದು ಕೌನ್ ಅಂದ್ರ?

ಅಮಾಸಿಗೆ ಹತ್ತ ದಿನ ಇತ್ತು.

ಈ ಪಟ್ಟಿ ಅನ್ನೋದೊಂದು ಐತಿ ಅಂತ ನನಗ ತೋರಿಸಿದಾಕಿ ಮಾಲತಿಬಾಯಿ. ಗಂಡ ಓಝರ್ ವಿಮಾನದ ಕಾರ್ಖಾನ್ಯಾಗ ಇಂಜಿನಿಯರ್ ಇದ್ದು ರಿಟೈರ್ ಆಗ್ಯಾರ. ಧಾರವಾಡ ಕಡೆ ಮಂದಿ. ದೊಡ್ಡ ಸೊಸೈಟಿ, ಗೇಟಿಗೆ ಇಬ್ಬರು ವಾಚ್‌ಮನ್. ದಿನಾ ಹನ್ನೊಂದಕ್ಕ ನಾ ಅಲ್ಲಿ ಜ್ವಾಳದ ರೊಟ್ಟಿ ಬಡಿಯಾಕ ಹೋಗ್ತೀನಿ. ಅಕಿ ಒಲಿ ಕಟ್ಟಿಗೆ ಆತು ನಿಂತು ಮೊಬೈಲ್ ನೋಡ್ತಾಳ.

ಪೊಲೀಸರ ವೆಬ್‌ಸೈಟ್‌ದಾಗ ದಿನಾ ಹಿಡಿದವರ ಹೆಸರು ಹಾಕ್ತಾರಂತ. ಯಾರ ಬೇಕಾದ್ರೂ ನೋಡಬಹುದು. ಜಿಲ್ಲಾ ಆರಿಸೋದು, ಠಾಣೆ ಆರಿಸೋದು, ಒತ್ತೋದು. ಅಷ್ಟ.

"ನಿಮಗ್ಯಾಕ ಬೇಕ್ರಿ ಇದು?" ಅಂದೆ.

"ಡ್ರೈವರ್ ಇಡೋ ಮುಂದ ನೋಡ್ತೀನಿ. ಬಾಡಿಗಿಗೆ ಬರೋರನ್ನ ನೋಡ್ತೀನಿ. ತಂಗಿ ಮಗಳಿಗೆ ವರ ಬಂದಿತ್ತಲ್ಲ, ಅವನ್ನೂ ನೋಡಿದೆ. ಬದನಿಕಾಯಿ ತಿರುವಿ ನೋಡಿ ತೊಗೊಳ್ಳೂದಿಲ್ಲೇನು ಆಯಿ, ಹಂಗ."

(ನನ್ನ ಹೆಸರೂ ಹಾಕಿ ನೋಡಿರಬೇಕು. ಕೇಳಲಿಲ್ಲ. ಬದನಿಕಾಯಿ ಯಾಕ ಕೇಳಬೇಕು?)

ಯಲ್ಲವ್ವನ ಸುದ್ದಿ ಹೇಳಿದೆ. ಮಾಲತಿಬಾಯಿ ಕೆಟ್ಟಾಕಿ ಅಲ್ಲ. ಕಪಾಟಿನ್ಯಾಗ ಇದ್ದ ಹಳೇ ಮೊಬೈಲ್ ಚಾರ್ಜ್ ಮಾಡಿ, ಪಟ್ಟಿ ತೆಗೆಯೋದು ಕಲಿಸಿ ಕೈಗೆ ಕೊಟ್ಟಳು. "ಓದಾಕ ಬರತದಲ್ಲ?" ಅಂದಳು.

ಬರತೈತಿ. ಕನ್ನಡ ನಾಲ್ಕನೇತ್ತಿ ತನಕ, ಈ ಅಂಕಣ ಬರಿಯೋದೂ ಅಷ್ಟರ ಮ್ಯಾಲೆ. ಮರಾಠಿ ಬಸ್ಸಿನ ಬೋರ್ಡು ನೋಡಿ ಕಲ್ತದ್ದು. ಒಂದೊಂದ ಅಕ್ಷರ ಹಿಡಕೊಂಡು ಹೋಗ್ತೀನಿ, ತಡಾ ಆಗತೈತಿ. ಆದ್ರ ಬಿಡಂಗಿಲ್ಲ.

ಮಧ್ಯಾಹ್ನ ಊಟ ಆದ ಮ್ಯಾಲೆ ಹಿಟ್ಟಿನ ಡಬ್ಬಿಗೆ ಮೊಬೈಲ್ ಆನಿಸಿ ಇಟ್ಟು ಕುಂದರತಿದ್ದೆ. ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ವಯಸ್ಸು. ಊರು. ಕಡೀಕ ಒಂದು ನಂಬರು, ಅದು ಕಲಂ ಅಂತ. ಬೆರಳಿಲೆ ಮ್ಯಾಲೆ ಸರಿಸಿದ್ರ ಒಂದು ಹೆಸರು ಹೋಗತೈತಿ, ಕೆಳಗಿಂದ ಇನ್ನೊಂದು ಬರತೈತಿ. ಮುಗಿಯೋದ ಇಲ್ಲ.

ಹೊರಗ ಬಿಸಿಲು. ತಗಡಿನ ಪತ್ರಾದ ಮ್ಯಾಲೆ ಕಾಗಿ ನಡದಾಡೋ ಸಪ್ಪಳ. ಕಾರ್ಖಾನಿ ಪ್ರೆಸ್ಸು ದೂರದಾಗ ಧಪ್ ಧಪ್ ಅಂತ. ಓದ್ಕೊಂತ ಓದ್ಕೊಂತ ಕಣ್ಣು ಜಡ ಆಗತಿದ್ದವು, ಹೆಸರಿನವರು ಎದ್ದು ಬಂದು ನನ್ನ ಹೊಸ್ತಿಲ ಮುಂದ ಸಾಲಿಗೆ ಕುಂದರತಿದ್ರು. ಯಾರೂ ಜಗಳದ ಮಂದಿ ಹಂಗ ಕಾಣತಿರಲಿಲ್ಲ. ಒಬ್ಬ ಎಪ್ಪತ್ತು ವರ್ಷದ ಮುದುಕ, ಧೋತರ ಉಟ್ಟಿದ್ದ. ಏನ ಮಾಡಿದ್ಯಪ್ಪಾ ಅಂದೆ. ನೆನಪಿಲ್ಲ ತಾಯಿ ಅಂದ. ಒಬ್ಬ ಹತ್ತೊಂಬತ್ತು ವರ್ಷದವ ಕಿಸೆದಾಗಿಂದ ಹಣಗಿ ತೆಗೆದು ತಲಿ ಬಾಚ್ಕೊಂತಿದ್ದ. ಇನ್ನೊಬ್ಬ ಬರೇ ನೀರು ಕೇಳಿದ. ಎಲ್ಲಾರೂ ಬರಿಗಾಲಿನ್ಯಾಗ ಇದ್ರು. ನಾ ಎಚ್ಚರ ಆದಾಗ ತಂಬಿಗಿ ತುಂಬಿ ಇಟ್ಟಂಗ ಇರತಿತ್ತು, ಹೊಸ್ತಿಲ ಖಾಲಿ.

ಏಳು ದಿನ ಹಿಂಗ. ಪಾಪು ಸಿಗಲಿಲ್ಲ. ಅಲ್ಲ, ಒಬ್ಬ ಸಿಕ್ಕ. ಅವನ ವಯಸ್ಸು ಅರವತ್ತೆರಡು.

ಎಂಟನೇ ದಿನ ಮಾಲತಿಬಾಯಿಗೆ ಮೊಬೈಲ್ ವಾಪಸ್ ಕೊಡಾಕ ಹೋದೆ. ಅಕಿ ಕೇಳಿದಳು, "ಪಾಪು ಅಂತ ಹುಡುಕಿದ್ರೇನು? ಅದು ಕರಿಯೋ ಹೆಸರಲ್ಲೇನು ಆಯಿ? ಬರಿಯೋ ಹೆಸರೇನು?"

ಕೊಡಾಕ ಚಾಚಿದ ಮೊಬೈಲ್ ಹಂಗ ಕೈಯಾಗ ಹಿಡಕೊಂಡು ನಿಂತೆ.

ಹತ್ತ ವರ್ಷದಿಂದ ಒಂದ ಗ್ವಾಡಿ. ನಮ್ಮ ಬಚ್ಚಲಿಗೆ ಪುಕಟ್ ಫರಸಿ ಹಾಕಿಕೊಟ್ಟಾನ. ನನಗ ಅವನ ಹೆಸರು ಗೊತ್ತಿಲ್ಲ.

ಓಣ್ಯಾಗ ಕೇಳಿದೆ. ಕಿರಾಣಿ ಅಂಗಡಿಯವ, ಪಾಪು ಅಂದ. ಅವನ ಸಂಗಾಟ ಐದು ವರ್ಷ ಕೆಲಸ ಮಾಡಿದ ಹೆಲ್ಪರ್, ಪಾಪು ಸೇಟ್ ಅಂದ. ಖೋಲಿ ಮಾಲಕ, ಆಧಾರದ ಝೆರಾಕ್ಸ್ ಇತ್ತು ಆಯಿ, ಮಳ್ಯಾಗ ತೊಯ್ದು ಹೋತು ಅಂದ. ಅಸಲು ಆಧಾರ ಕಾರ್ಡು ಪಾಪುನ ಕಿಸೆದಾಗ ಅವನ ಜೊತಿ ಹೋಗಿತ್ತು. ರೇಶನ್ ಕಾರ್ಡು ಊರಾಗ. ಹುಡುಗೀರು ಸಣ್ಣವು, ಅಪ್ಪ ಅಂದ್ರ ಅಪ್ಪ ಅಷ್ಟ, ಯಲ್ಲವ್ವನ ಅಣ್ಣಗ ಫೋನ್ ಹಚ್ಚಿದ್ರ ಅಂವ ಅಮಾಸಿ ತನಕಾನೂ ತಡಿಯಂಗಿಲ್ಲ.

ಉಳಿದಾಕಿ ಯಲ್ಲವ್ವ. ಅಕಿಗೆ ಬರಿಯಾಕ ಬರಂಗಿಲ್ಲ, ಬಾಯಿಲೆ ಹೇಳಂಗಿಲ್ಲ.

ನಮ್ಮ ಕಡೆ ಹಳೇ ಹೆಂಗಸರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಗಂಡನ ಹೆಸರು ಬಾಯಾಗ ತರಬಾರದು. ತಂದ್ರ ಅವನ ಆಯುಷ್ಯ ಕಡಿಮಿ ಆಗತೈತಂತ. ಮದುವ್ಯಾಗ, ಸೀಮಂತದಾಗ ಒಡಪು ಕಟ್ಟಿ, ಒಗಟಿನಂಗ, ಒಂದು ಸಲ ಹೇಳಬೇಕು, ಅದೂ ಎಲ್ಲಾರೂ ಗಂಟು ಬಿದ್ದಾಗ. ನಾನೂ ಹಂಗ ಇದ್ದೆ. ನನ್ನ ಗಂಡನ ಹೆಸರು ನಾ ಒಡಪಿಲ್ಲದ ಮೊದಲನೇ ಸಲ ಹೇಳಿದ್ದು ಮುನಸಿಪಾಲ್ಟಿ ಕಿಟಕಿ ಮುಂದ, ಅವನು ಸತ್ತ ದಾಖಲಾ ತೊಗೊಳ್ಳಾಕ. ಆಗ ಆಯುಷ್ಯದ ಅಂಜಿಕಿ ಇರಲಿಲ್ಲಲ್ಲ.

"ಕಿವ್ಯಾಗ ಹೇಳ ಯಲ್ಲವ್ವ. ನಾ ಕಿವುಡಿ ಅಂತ ತಿಳ್ಕೊ."

"ಬ್ಯಾಡ ಆಯಿ. ಮೊದಲ ಎಲ್ಲಿದಾರೋ, ಹ್ಯಾಂಗದಾರೋ. ಈಗ ನಾ ಹೆಸರು ತೆಗದು ಏನರ ಆದ್ರ?"

"ಪೊಲೀಸರ ಕಡೆ ಕಂಪ್ಲೇಂಟ್ ಕೊಟ್ಟಿಯಲ್ಲ, ಆವಾಗ ಏನಂತ ಬರಿಸಿದಿ?"

"ಪಾಪು ಮೇಸ್ತ್ರಿ."

ಹ್ಯಾಂಗೈತಿ ನೋಡ್ರಿ. ಎರಡು ತಿಂಗಳು ಪೊಲೀಸರು ಯಾರನ್ನ ಹುಡುಕಿದ್ರು? ಯಾವ ಕಾಗದದಾಗೂ ಇಲ್ಲದ ಪಾಪುನ್ನ. ನಾ ಏಳು ದಿನ ಯಾರನ್ನ ಹುಡುಕಿದೆ? ಅದ ಪಾಪುನ್ನ. ಅಕಿನ್ನ ಕೈ ಹಿಡಕೊಂಡು ಸೀದಾ ಮಾಲತಿಬಾಯಿ ಮನೀಗೆ ಕರಕೊಂಡು ಹೋದೆ.

ಯಲ್ಲವ್ವ ಆ ಮನಿ ನೆಲದ ಮ್ಯಾಲೆ ಕುಂತು, ಸೆರಗು ಬಾಯಿಗೆ ಹಿಡಕೊಂಡು ಅಂದಳು, "ನಮ್ಮೂರ ಹೊಳಿ ಹೆಸರು."

"ಯಾವ ಹೊಳಿ?" ಮಾಲತಿಬಾಯಿ ಕೇಳಿದಳು.

"ಇಂಡಿ ಕಡೆ ಭೀಮಾ ಹೊಳಿನ ಅಲ್ರಿ," ನಾ ಅಂದೆ. "ಭೀಮಪ್ಪ?"

ಯಲ್ಲವ್ವ ತಲಿ ಅಲ್ಲಾಡಿಸಿದಳು. "ಆ ಹೊಳಿ ಹುಟ್ಟಿದಲ್ಲಿ ಇರೋ ದೇವರು."

"ಭೀಮಾಶಂಕರ," ಅಂದ್ವಿ ಇಬ್ಬರೂ.

ಅಕಿ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಕಿವಿ ತುದಿ ಕೆಂಪಾತು. ಎರಡು ಮಕ್ಕಳ ತಾಯಿ.

"ಅವರಪ್ಪನ ಹೆಸರು?"

"ಮಾವನ ಹೆಸರೇನ್ರಿ?" ಯಲ್ಲವ್ವ ಗಾಬರಿ ಆದಳು. "ಅದಂತೂ ನನ್ನ ಕೈಲೆ ಆಗಂಗಿಲ್ಲ. ಅಡ್ಡಹೆಸರು ಹೇಳ್ತೀನಿ. ಹೊಸಮನಿ."

ಅಷ್ಟ ಸಾಕಾತು. ಮಾಲತಿಬಾಯಿ ಒತ್ತಿದಳು. ಒಂದು ಚಕ್ರ ತಿರುಗಿತು. ಆಮ್ಯಾಲೆ ಬಂತು. ಭೀಮಾಶಂಕರ ಗುರಪ್ಪ ಹೊಸಮನಿ. ವಯಸ್ಸು ಮೂವತ್ನಾಲ್ಕು. ರಾಹಣಾರ, ಅಂದ್ರ ಇರೋದು, ಇಂಡಿ, ಕರ್ನಾಟಕ. ಹಿಡಿದ ಠಾಣೆ ಸಂಭಾಜಿನಗರದ ಬಾಜೂ ವೇರೂಳ್ ಕಡೇದು. ತಾರೀಖು ಫೋನ್ ನಿಂತ ಮರುದಿನದ್ದು. ಕಲಂ ಮಾಲತಿಬಾಯಿ ಹುಡುಕಿ ಹೇಳಿದಳು. ಹೊಡದಾಟ, ಒಬ್ಬಂವ ಕೈ ಮುರಕೊಂಡಾನ.

ಆವಾಗ ಆ ಮನ್ಯಾಗ ಆದದ್ದು ನಾ ಮರಿಯಂಗಿಲ್ಲ. ಒಂದ ಸಾಲು ಇಬ್ಬರು ಹೆಂಗಸರು ಕೇಳಿದ್ರು. ಮಾಲತಿಬಾಯಿ ಎದಿ ಮ್ಯಾಲೆ ಕೈ ಇಟ್ಕೊಂಡು, "ಅಯ್ಯ, ನಮ್ಮ ಬಾತ್‌ರೂಮಿನ ಫರಸಿ ಅಂವನ ಹಾಕಿದ್ದಲ್ಲೇನು ಆಯಿ. ಮೂರು ದಿನ ಮನ್ಯಾಗ ಇದ್ದ. ನಾ ಒಬ್ಬಾಕಿನ ಇದ್ದೆ" ಅಂದಳು. ಯಲ್ಲವ್ವ ನೆಲಕ್ಕ ಹಣಿ ಹಚ್ಚಿದಳು. ಎದ್ದಾಗ ಮಾರಿ ಅರಳಿತ್ತು. "ಹಿಡದಾರಂತ," ಅಂದಳು. "ಆಯಿ, ಹಿಡದಾರಂತ."

ದಾರ್ಯಾಗ ಅರ್ಧ ಕಿಲೋ ಸಕ್ರಿ ಕೊಂಡಳು. ಗಂಡನ್ನ ಪೊಲೀಸರು ಹಿಡದಾರ ಅಂತ ಓಣಿ ತುಂಬ ಸಕ್ರಿ ಹಂಚಿದ ಹೆಂಗಸನ್ನ ನೀವು ಎಲ್ಲ್ಯರ ನೋಡೀರೇನು? ನಾ ನೋಡೀನಿ. ಕಿರಾಣಿ ಅಂಗಡಿಯವ ಸಕ್ರಿ ಬಾಯಾಗ ಹಾಕ್ಕೊಂಡು, ಸುದ್ದಿ ಕೇಳಿ, ನುಂಗಬೇಕೋ ಉಗಳಬೇಕೋ ತಿಳೀದ ನಿಂತಿದ್ದ.

ಮರುದಿನ ಹೊತ್ತು ಮೂಡೋದಕ್ಕ ಎಸ್‌ಟಿ ಬಸ್ ಹಿಡದ್ವಿ. ಹುಡುಗೀರನ್ನ ಎದುರು ಮನ್ಯಾಕಿ ನೋಡ್ಕೊಂಡಳು. ಯೇವಲಾ ದಾಟಿದ ಮ್ಯಾಲೆ ಎರಡೂ ಬಾಜೂಕ ಬಯಲು, ಬಿಸಿಲು ಹಾಲು ಹರವಿದಂಗ. ಗಾಳಿಗೆ ಕಣ್ಣು ಮುಚ್ಚತಿದ್ದವು. ನನ್ನ ಪಟ್ಟಿ ಮಂದಿ ಬಸ್ಸಿನ್ಯಾಗೂ ಬಂದು ಕುಂತ್ರು. ಧೋತರದ ಮುದುಕ ಕಿಟಕಿ ಬಾಜೂಕ. ಹಣಗಿ ಹುಡುಗ ಡ್ರೈವರ್ ಹಿಂದ. ಯಾರೂ ಟಿಕೀಟು ತೆಗಸಲಿಲ್ಲ, ಕಂಡಕ್ಟರ್ ಕೇಳಲೂ ಇಲ್ಲ. ಯಲ್ಲವ್ವ ಮಾತ್ರ ನಿದ್ದಿ ಮಾಡಲಿಲ್ಲ. ತುಟಿ ಅಲ್ಲಾಡತಿದ್ದವು. ದೇವರ ನಾಮ ಹೇಳ್ತಾಳ ಅಂದ್ಕೊಂಡೆ. ಅಲ್ಲ. ಗಂಡನ ಹೆಸರು ಹೇಳಾಕ ರೂಢಿ ಮಾಡ್ಕೊಂತಿದ್ದಳು.

ಸಂಭಾಜಿನಗರದ ಜೈಲಿನ ಮುಂದ ಭೆಟ್ಟಿಗೆ ಬಂದವರ ಸಾಲು. ಎಲ್ಲಾ ಹೆಂಗಸರ. ಡಬ್ಬಿ, ಚೀಲ, ಕೂಸು. ಕಿಟಕ್ಯಾಗಿನ ಕಾರಕೂನ ಹೆಸರು ಕೇಳಿದ, "ನಾವ್ ಸಾಂಗಾ." ಯಲ್ಲವ್ವ ಗ್ವಾಡಿ ಕಡೆ ಮಾರಿ ತಿರುಗಿಸಿ ಹೇಳಿದಳು. ಅವನಿಗೆ ಕೇಳಿಸಲಿಲ್ಲ.

"ಮೋಠ್ಯಾನೆ ಸಾಂಗಾ, ತಾಯಿ."

ಹೇಳಿದಳು. ಗಟ್ಯಾಗಿ, ಅಪ್ಪನ ಹೆಸರು ಕೂಡಿಸಿ, ಅಡ್ಡಹೆಸರು ಕೂಡಿಸಿ, ಒಂದ ಉಸಿರಿನ್ಯಾಗ. ಮಾವನ ಹೆಸರೂ ಬಿಡಲಿಲ್ಲ. ಹಿಂದಿನ ಹೆಂಗಸು ಒಬ್ಬಾಕಿ ಅಕಿ ಬೆನ್ನ ಮ್ಯಾಲೆ ಕೈ ಇಟ್ಟಳು.

ಕಾರಕೂನ ಕಂಪ್ಯೂಟರ್ ನೋಡಿದ. "ತೋ ಸುಟಲಾ. ಪಂಧರಾ ದಿವಸ ಝಾಲೆ."

ಬಿಟ್ಟು ಹದಿನೈದು ದಿನ ಆಗೇತಿ.

"ಮೊಬೈಲ್‌ದಾಗ ಐತಲ್ರಿ," ಅಂದೆ ನಾ.

ಅವನು ಶಾಂತ ಮನಶ್ಯಾ. ತಿಳಿಸಿ ಹೇಳಿದ. ಅಜ್ಜಿ, ಅದು ಹಿಡಿದವರ ಪಟ್ಟಿ. ಹಿಡಿದದ್ದು ಬರತೈತಿ. ಬಿಟ್ಟದ್ದು ಅದರಾಗ ಬರಂಗಿಲ್ಲ.

ಇಷ್ಟು ದಿನ ಜೈಲಿನ್ಯಾಗ ಇರಲಿ ಅಂತ ಬೇಡಿದಾಕಿ ಈಗ ಜೈಲಿನ ಮುಂದ ನಿಂತು ಅಳಾಕ ಚಾಲೂ ಮಾಡಿದಳು. ಬಿಟ್ಟಾರ, ಆದ್ರ ಮನೀಗೆ ಬಂದಿಲ್ಲ. ಮತ್ತ ಅದ ಮೂರು ಜಾಗ. ಅದರಾಗ ಒಂದು ಕಡಿಮಿ ಆತು.

ಅಳೋರನ್ನ ಸಮಾಧಾನ ಮಾಡೋದು ನನಗ ಬರಂಗಿಲ್ಲ. "ಅಂವನ ಹತ್ಯಾರ ಎಲ್ಲದಾವ?" ಅಂದೆ.

ಅಕಿ ಮೂಗು ಒರಸಿಕೊಂಡಳು. "ಕಟರ್, ಅಳತಿ ಪಟ್ಟಿ, ರಬ್ಬರ್ ಹಾತೋಡಿ ಎಲ್ಲಾ ಆ ಲಾಡ್ಜಿನ್ಯಾಗ ಇರಬೇಕು. ಹತ್ಯಾರ ಬಿಟ್ಟು ಅವರು ಎಲ್ಲೂ ಹೋಗಂಗಿಲ್ಲ."

"ಹಂಗಾರ ವೇರೂಳಿಗೆ ನಡಿ."

ವೇರೂಳಿನ್ಯಾಗ ಮಂದಿ ಗುಡಿ ನೋಡಾಕ ಬರತಾರ, ಗವಿ ನೋಡಾಕ ಬರತಾರ. ನಾವಿಬ್ಬರು ನೆಲ ನೋಡ್ಕೊಂತ ನಡದ್ವಿ. ಯಾವ ಲಾಡ್ಜು ಅಂತ ಗೊತ್ತಿಲ್ಲ. ಹೆಸರು ಹೇಳಿದ್ರ ಯಾರಿಗೂ ತಿಳೀವಲ್ದು, ಕರ್ನಾಟಕ ಮಿಸ್ತ್ರಿ ಅಂದ್ರ ನಾಲ್ಕು ಮಂದಿ ನಾಲ್ಕು ದಿಕ್ಕು ತೋರಿಸ್ತಾರ. ಯಲ್ಲವ್ವ ಕೇಳೋದ ಬಿಟ್ಟಳು. ಹೊಸಾ ಲಾಡ್ಜು ಕಂಡಲ್ಲಿ ಹೊಸ್ತಿಲದಾಗ ಚಪ್ಪಲಿ ಬಿಟ್ಟು, ಬರಿಗಾಲಿಲೆ ಫರಸಿ ಮ್ಯಾಲೆ ನಾಲ್ಕು ಹೆಜ್ಜಿ ಹಾಕ್ತಿದ್ದಳು. ಆಮ್ಯಾಲೆ ಬಾಗಿಲ ಹಿಂದ ಬಗ್ಗಿ ನೋಡ್ತಿದ್ದಳು.

ಮೊದಲನೇದ್ರಾಗ, "ಅವರದಲ್ಲ."

ಎರಡನೇದ್ರಾಗ, "ಅವರದಲ್ಲ. ಸಂದು ಕಾಲಿಗೆ ಹತ್ತತಾವ."

ಮೂರನೇದ್ರಾಗ ಕಾಲು ಇಟ್ಟಳು, ನಿಂತಳು. ಕಣ್ಣು ಮುಚ್ಚಿ ಪಾದ ಆ ಕಡೆ ಈ ಕಡೆ ಸರಿಸಿದಳು, ನೀರಾಗ ಕಾಲು ಬಿಟ್ಟು ಕುಂತವರ ಹಂಗ. ಬಾಗಿಲ ಹಿಂದ ನೋಡಿದಳು. "ಅವರದ," ಅಂದಳು. "ಕತ್ತರಿಸಿದ ತುಂಡು ಬಾಗಿಲ ಮರಿಗೆ ಇಟ್ಟಾರ ನೋಡ್ರಿ. ಮಂದಿ ಕಣ್ಣಿಗೆ ಇಡೀ ಫರಸಿ ಬೀಳಬೇಕು ಅಂತಾರ ಅವರು."

(ನಾ ಎಷ್ಟೋ ವರ್ಷ ಕಟ್ಟಡದ ಮ್ಯಾಲೆ ಬುಟ್ಟಿ ಹೊತ್ತೀನಿ. ಒಂದು ಸಲಾನೂ ಬಾಗಿಲ ಹಿಂದ ನೋಡಿಲ್ಲ.)

ಒಳಗ, ಕಡೀ ಖೋಲ್ಯಾಗ ಠಕ್ ಠಕ್ ಸಪ್ಪಳ. ಪಾಪು ಬಾಗಿಲಿಗೆ ಬೆನ್ನು ಮಾಡಿ ಕುಕ್ಕರಗಾಲಿಲೆ ಕುಂತು ಹಾತೋಡಿ ಬಡೀತಿದ್ದ. ಯಲ್ಲವ್ವ ಹೊಸ್ತಿಲದಾಗ ನಿಂತಳು. ಕರೀಲಿಲ್ಲ. ಹಸಿ ಫರಸಿ ಮ್ಯಾಲೆ ನೆರಳು ಬಿದ್ದದ್ದು ಕಂಡು, ತಿರುಗದ ಅಂದ, "ಗೀಲಾ ಹೈ. ಅಂದರ್ ಮತ್ ಆನಾ."

"ಬರಂಗಿಲ್ಲ," ಅಂದಳು ಅಕಿ. "ನೀವ ಹೊರಗ ಬರ್ರಿ."

ಹಾತೋಡಿ ನಿಂತಿತು.

ಗಡ್ಡ ಬೆಳದಿತ್ತು, ಅದರಾಗ ಬಿಳಿ. ಹೊರಗ ಬಂದು ಗ್ವಾಡಿಗೆ ಆತು ಕುಂತ. ಆದದ್ದು ಹೇಳಿದ. ಇನ್ನೊಬ್ಬ ಮೇಸ್ತ್ರಿ ಇವನ ಕಟರ್ ಕೇಳದ ಒಯ್ದು ಬ್ಲೇಡ್ ಮುರದ. ಮಾತಿಗೆ ಮಾತು ಬೆಳೀತು. ಇಂವ ನೂಕಿದ, ಅಂವ ಕಲ್ಲಿನ ಮ್ಯಾಲೆ ಬಿದ್ದು ಕೈ ಮುರಕೊಂಡ. ಇವನ ಮೊಬೈಲ್ ಆ ಗದ್ದಲದಾಗ ನುಚ್ಚುನೂರು, ಹೆಂಡತಿ ನಂಬರು ಬಾಯಿಪಾಠ ಇಲ್ಲ. ಸರಕಾರಿ ಪುಕಟ್ ವಕೀಲ ಬೇಲ್ ಮಾಡಿಸಿಕೊಟ್ಟ. ತಪ್ಪು ಮಾಡೇ ಇಲ್ಲ ಅಂತ ನಾ ಬರಿಯಂಗಿಲ್ಲ. ನೂಕಿದ್ದು ಖರೆ, ಅವನ ಹೇಳಿದ.

"ಬಿಟ್ಟ ಮ್ಯಾಲೆ ಬರಾಕೇನಾಗಿತ್ತೋ?" ನಾ ಕೇಳಿದೆ.

"ಈ ಲಾಡ್ಜಿನ ಮ್ಯಾನೇಜರ್ ಮೊಬೈಲ್‌ದಾಗ ತೋರಿಸಿದ ಆಯಿ. ಹೆಸರು, ಅಪ್ಪನ ಹೆಸರು, ಊರು, ಎಲ್ಲಾ ಐತಿ. ಜಗತ್ತ ನೋಡತೈತಿ ಅಂದ. ಓಣ್ಯಾಗ ಎಲ್ಲಾರೂ ನೋಡಿರ್ತಾರ. ಯಾವ ಮಾರಿ ಹೊತ್ಕೊಂಡು ಬರ್ಲಿ? ಇಕಿ ಅಣ್ಣನ ಸಂಗಾಟ ಊರಿಗೆ ಹೋಗಿರ್ತಾಳ ಅಂದ್ಕೊಂಡೆ."

"ಹುಚ್ಚಪ್ಪ," ಅಂದೆ, "ಓಣ್ಯಾಗ ಒಬ್ಬರಿಗೂ ನಿನ್ನ ಹೆಸರ ಗೊತ್ತಿಲ್ಲ. ಏಳು ದಿನ ನಾ ಕಣ್ಣು ಕೆಂಪಗ ಮಾಡ್ಕೊಂಡು ಓದೀನಿ. ನಿನ್ನ ಹೆಸರು ನನ್ನ ಬೆರಳ ಕೆಳಗ ಹಾದು ಹೋಗಿರಬೇಕು. ಅದು ನೀನಂತ ಯಾರಿಗೆ ತಿಳೀಬೇಕೋ?"

ಜೈಲಿಗಿಂತ ಈ ಮಾತು ಪಾಪುಗ ಹೆಚ್ಚು ನಟ್ಟಿತು ಅಂತ ಕಾಣತೈತಿ. ಹತ್ತ ವರ್ಷ ಒಂದು ಓಣ್ಯಾಗ ಇದ್ದವನ ಹೆಸರು ಯಾರಿಗೂ ಬ್ಯಾಡಾಗಿತ್ತು. ಬೇಕಾದದ್ದು ಪೊಲೀಸರಿಗೆ, ಒಂದ ಸಲ.

ಆಮ್ಯಾಲೆ ತಲಿ ಎತ್ತಿ, "ಹಂಗಾರ ಯಾರಿಗೂ ಗೊತ್ತಿಲ್ಲ," ಅಂದ, ಜೀವ ಬಂದವರಂಗ.

"ಈಗ ಎಲ್ಲಾರಿಗೂ ಗೊತ್ತೈತಿ," ಅಂದಳು ಯಲ್ಲವ್ವ. "ನಾನ ಸಕ್ರಿ ಹಂಚೀನಿ."

ಅಂವ ಅಕಿ ಮಾರಿ ನೋಡಿದ. ಮೊದಲು ಅರ್ಥ ಆಗಲಿಲ್ಲ. ಆಮ್ಯಾಲೆ ನಗಾಕ ಚಾಲೂ ಮಾಡಿದ. ಕೈಗೆ ಹತ್ತಿದ ಸಿಮೆಂಟು ಮಾರಿಗೆಲ್ಲ ಹಚ್ಚಿಕೊಂಡು ನಕ್ಕ.

ಅಮಾಸಿಗೆ ಒಂದು ದಿನ ಮೊದಲ ಮೂವರೂ ಅಂಬಡ್‌ಗೆ ಬಂದ್ವಿ. ಅಣ್ಣ ಬಂದ, ಭಾವನ್ನ ಬಾಯಿಗೆ ಬಂದಂಗ ಬೈದ, ರೊಟ್ಟಿ ಉಂಡು ಒಬ್ಬನ ವಾಪಸ್ ಹೋದ. ಕೇಸು ಇನ್ನೂ ನಡದೈತಿ. ತಾರೀಖು ಇದ್ದಾಗ ಪಾಪು ಬಸ್ ಹತ್ತತಾನ, ಸಂಜೀಕ ಬರತಾನ.

ಇಲ್ಲಿಗೆ ಮುಗದಿದ್ದರ ನಾ ಈ ವಾರ ಬ್ಯಾರೆ ಏನರ ಬರೀತಿದ್ದೆ.

ಹೋದ ಸೋಮವಾರ ಮಾಲತಿಬಾಯಿ ಸೊಸೈಟ್ಯಾಗ ಎರಡು ಮನೀಗೆ ಫರಸಿ ಹಾಕೋ ಕೆಲಸ ಬಂತು. ಪಾಪು ಹೋದ. ಗೇಟಿನ್ಯಾಗ ಪಾಸ್ ಕೊಡಲಿಲ್ಲ. ಸೊಸೈಟಿಯವರ ಮೊಬೈಲ್ ಗ್ರೂಪಿನ್ಯಾಗ ಯಾರೋ ಅವನ ಹೆಸರಿದ್ದ ಪಟ್ಟಿ ಫೋಟೋ ಹಾಕಿದ್ರಂತ. ಯಾರೋ ಅಂದ್ರ ಯಾರು, ನಾ ಕೇಳಿದೆ. ಮಾಲತಿಬಾಯಿ ಒಲಿ ಕಡೆ ನೋಡಿದಳು.

"ಬಿಟ್ಟಾರಲ್ರಿ ಅವನ್ನ," ಅಂದೆ.

"ಅದು ಎಲ್ಲೆ ಬರದಾರ, ತೋರಸ್ರಿ ಆಯಿ," ಅಂದಳು. "ತೋರಿಸಿದ್ರ ನಾನ ಎಲ್ಲಾರಿಗೂ ಹೇಳ್ತೀನಿ." ಜಗಳಕ್ಕ ಅಂದದ್ದಲ್ಲ. ಖರೇನ ಕೇಳಿದಳು. ಅಕಿ ಇಲ್ಲದಿದ್ದರ ಅಂವ ಸಿಗತಿರಲಿಲ್ಲ, ಅದೂ ಖರೆ.

ತೋರಸಾಕ ನನ್ನ ಕಡೆ ಏನಿತ್ತು? ಒಂದು ರೊಟ್ಟಿ ಹೆಚ್ಚು ಬಡದು ಬಂದೆ. ಮನೀಗೆ ಬಂದು ಪಾಪುನ್ನ ಕೇಳಿದೆ, ನಿನ್ನ ಹೆಸರು ನನ್ನ ಅಂಕಣದಾಗ ಹಾಕ್ಲೇನೋ ಅಂತ. ಅಂವ ಯಲ್ಲವ್ವನ ಕಡೆ ನೋಡಿದ. ಯಲ್ಲವ್ವ ಅಂದಳು, "ಹಾಕ್ರಿ. ಪೂರ್ತಿ ಹಾಕ್ರಿ."

ಹಾಕೀನಿ. ಮಾಲತಿಬಾಯಿ, ನೀವು ಈ ಪತ್ರಿಕೆ ತರಸ್ತೀರಿ, ನನಗ ಗೊತ್ತೈತಿ.

ಭೀಮಾಶಂಕರ ಗುರಪ್ಪ ಹೊಸಮನಿ. ವಯಸ್ಸು ಮೂವತ್ನಾಲ್ಕು. ಊರು ಇಂಡಿ, ಈಗ ಇರೋದು ಅಂಬಡ್. ಟೈಲ್ಸ್ ಮೇಸ್ತ್ರಿ. ಬಿಟ್ಟಾರ, ಮನ್ಯಾಗ ಅದಾನ.

ಇದರದೂ ಒಂದು ಫೋಟೋ ತೆಗೆದು ಗ್ರೂಪಿಗೆ ಹಾಕ್ತೀರೇನ್ರಿ?